ಕುಂಡದ ಮಣ್ಣಿನ ಸೇರ್ಪಡೆಗಳು

ಕುಂಡದ ಮಣ್ಣಿನ ಸೇರ್ಪಡೆಗಳು ಎಂದರೆ ಕುಂಡ, ತೊಟ್ಟಿ, ಚೀಲ ಮೊದಲಾದವುಗಳಲ್ಲಿ ಬೆಳೆಸುವ ಸಸ್ಯಗಳ ಮಣ್ಣಿನ ರಚನೆಯನ್ನು ಸುಧಾರಿಸಲು ಅಥವಾ ಪೋಷಕಾಂಶ ಒದಗಿಸಲು ಬೆರೆಸುವ ಪದಾರ್ಥಗಳು. ತೆಂಗಿನ ನಾರಿನ ಪುಡಿ, ಮರಳು, ಪರ್ಲೈಟ್ ಮೊದಲ ಬಗೆಯವು. ಬೇವಿನ ಹಿಂಡಿ, ಮೂಳೆ ಪುಡಿ ಎರಡನೆಯ ಬಗೆಯವು. ಕೊಟ್ಟಿಗೆ ಗೊಬ್ಬರ ಮತ್ತು ಎರೆಹುಳು ಗೊಬ್ಬರಗಳು ಎರಡೂ ಕೆಲಸ ಮಾಡುತ್ತವೆ. ಯಾವುದನ್ನು ಎಷ್ಟು ಬೆರೆಸಬೇಕೆಂಬುದು ಮೂಲ ಮಣ್ಣಿನ ಗುಣವನ್ನು ಅವಲಂಬಿಸಿದೆ. ಎರಡು ಬಗೆಯ ಮಣ್ಣುಗಳು ಸಂಧಿಸುವ ಹುಬ್ಬಳ್ಳಿ-ಧಾರವಾಡ ಪ್ರದೇಶ ಇದಕ್ಕೆ ಉತ್ತಮ ನಿದರ್ಶನವಾಗಿದೆ.

ಸ್ಥಳೀಯ ಮಣ್ಣು

ಹುಬ್ಬಳ್ಳಿಯಿಂದ ಪೂರ್ವಕ್ಕೆ ನವಲಗುಂದ, ಅಣ್ಣಿಗೇರಿಗಳ ಕಡೆ ಕಪ್ಪು ಎರೆ ಮಣ್ಣು ಹರಡಿದೆ. ಧಾರವಾಡದಿಂದ ಪಶ್ಚಿಮಕ್ಕೆ ಅಳ್ನಾವರ, ದಕ್ಷಿಣಕ್ಕೆ ಕಲಘಟಗಿಗಳ ಕಡೆ ಕೆಂಪು ಮಣ್ಣು ಹೆಚ್ಚು. ಎರೆ ಮಣ್ಣಿನ ಜೇಡಿ ನೀರು ಹೀರಿದಾಗ ಹಿಗ್ಗುತ್ತದೆ, ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತದೆ. ತೇವವನ್ನು ಬಹುಕಾಲ ಹಿಡಿದಿಡುವ ಇದರ ಗುಣವೇ ಹೊಲದಲ್ಲಿ ಹಿಂಗಾರಿನ ಬಿಳಿಜೋಳ ಮತ್ತು ಕಡಲೆ ಬೆಳೆಗಳಿಗೆ ಆಧಾರ. ಕುಂಡದಲ್ಲಿ ಅದೇ ಗುಣ ದೋಷವಾಗುತ್ತದೆ. ಮಳೆಗಾಲದಲ್ಲಿ ನೀರು ನಿಂತು ಬೇರುಗಳಿಗೆ ಗಾಳಿ ದೊರೆಯುವುದಿಲ್ಲ. ಬೇಸಿಗೆಯಲ್ಲಿ ಮಣ್ಣು ಕುಂಡದ ಗೋಡೆಯಿಂದ ಬೇರ್ಪಟ್ಟು, ಎರೆದ ನೀರು ಅಂಚಿನ ಸಂದಿನಿಂದ ತಳದ ರಂಧ್ರಕ್ಕೆ ನೇರವಾಗಿ ಹರಿದುಹೋಗುತ್ತದೆ. ನೀರುಣಿಸಿದರೂ ಗಿಡ ಬಾಡುತ್ತದೆ.

ರಚನೆ ಸುಧಾರಿಸುವ ಪದಾರ್ಥಗಳು

ತೆಂಗಿನ ನಾರಿನ ಪುಡಿ ಹಗುರವಾಗಿದ್ದು ತನ್ನ ತೂಕದ ಹಲವು ಪಟ್ಟು ನೀರನ್ನು ಹಿಡಿದಿಡುತ್ತದೆ. ಹಸಿ ಪುಡಿಯಲ್ಲಿ ಲವಣಾಂಶವಿರುವುದರಿಂದ ಅದನ್ನು ನೀರಿನಲ್ಲಿ ನೆನೆಸಿ, ತೊಳೆದು ಬಳಸಬೇಕು. ಒರಟು ಮರಳು ಮತ್ತು ಪರ್ಲೈಟ್ ನೀರು ಬಸಿಯಲು ನೆರವಾಗುತ್ತವೆ. ಎರೆ ಮಣ್ಣಿಗೆ ಒಂದೆರಡು ಹಿಡಿ ನುಣುಪು ಮರಳು ಬೆರೆಸುವುದರಿಂದ ಪ್ರಯೋಜನವಿಲ್ಲ.

ಕುಂಡದ ತಳದಲ್ಲಿ ಜಲ್ಲಿಯ ದಪ್ಪ ಪದರ ಹಾಕುವ ರೂಢಿಯಿದೆ. ಆದರೆ ನೀರು ಮಣ್ಣಿನ ಸಣ್ಣ ರಂಧ್ರಗಳಿಂದ ಜಲ್ಲಿಯ ದೊಡ್ಡ ಸಂದುಗಳಿಗೆ ಸುಲಭವಾಗಿ ಇಳಿಯದೆ ಪದರದ ಮೇಲೆಯೇ ನಿಲ್ಲುತ್ತದೆ. ಆದ್ದರಿಂದ ಬೇರುಗಳಿಗೆ ಸಿಗುವ ಜಾಗ ಕಡಿಮೆಯಾಗುತ್ತದೆಯೇ ಹೊರತು ಬಸಿಯುವಿಕೆ ಹೆಚ್ಚುವುದಿಲ್ಲ. ರಂಧ್ರದ ಮೇಲೆ ಹಂಚಿನ ಒಂದು ಚೂರು ಸಾಕು.

ಪೋಷಕಾಂಶ ಒದಗಿಸುವ ಪದಾರ್ಥಗಳು

ಬೇವಿನ ಹಿಂಡಿ ಸಾರಜನಕವನ್ನು ನಿಧಾನವಾಗಿ ಬಿಡುಗಡೆ ಮಾಡುತ್ತದೆ. ಬೇರಿನ ಜಂತುಹುಳುಗಳ ಹತೋಟಿಗೂ ಅದನ್ನು ಬಳಸುತ್ತಾರೆ. ಮೂಳೆ ಪುಡಿ ರಂಜಕದ ಮೂಲ. ಆದರೆ ಅದು ಆಮ್ಲೀಯ ಮಣ್ಣಿನಲ್ಲಿ ಮಾತ್ರ ಚೆನ್ನಾಗಿ ಕರಗುತ್ತದೆ. ಎರೆ ಮಣ್ಣಿನ ರಸಸಾರ ಸಾಮಾನ್ಯವಾಗಿ 7ಕ್ಕಿಂತ ಹೆಚ್ಚಿರುವುದರಿಂದ ಅಲ್ಲಿ ಇದರ ಫಲ ಅಲ್ಪ. ಒಲೆಯ ಬೂದಿ ಮತ್ತು ಸುಣ್ಣ ರಸಸಾರವನ್ನು ಮತ್ತಷ್ಟು ಏರಿಸುತ್ತವೆ. ಆಗ ಕಬ್ಬಿಣಾಂಶ ಬೇರುಗಳಿಗೆ ದಕ್ಕದೆ, ಗುಲಾಬಿ, ದಾಸವಾಳ ಮೊದಲಾದ ಗಿಡಗಳ ಎಳೆಯ ಎಲೆಗಳು ನರಗಳು ಹಸಿರಾಗಿದ್ದರೂ ಹಳದಿಯಾಗುತ್ತವೆ. ಹೀಗಾಗಿ ಕೆಂಪು ಮಣ್ಣಿಗೆ ಹೊಂದುವ ಸೇರ್ಪಡೆ ಎರೆ ಮಣ್ಣಿಗೆ ಹಾನಿಕರವಾಗಬಹುದು.

ಮಿಶ್ರಣ

ಕೆಂಪು ಮಣ್ಣು, ಮರಳು ಮತ್ತು ಕೊಟ್ಟಿಗೆ ಗೊಬ್ಬರಗಳನ್ನು ಸಮಪ್ರಮಾಣದಲ್ಲಿ ಅಥವಾ 2:1:1ರ ಅನುಪಾತದಲ್ಲಿ ಬೆರೆಸುವುದು ನರ್ಸರಿಗಳ ಸಾಮಾನ್ಯ ಪದ್ಧತಿ. ಮಹಡಿ ತೋಟಗಳಲ್ಲಿ ಭಾರ ತಗ್ಗಿಸಲು ಮರಳಿಗೆ ಬದಲಾಗಿ ನಾರಿನ ಪುಡಿ ಬಳಸುತ್ತಾರೆ. ಎರೆಹುಳು ಗೊಬ್ಬರ ಒಟ್ಟು ಮಿಶ್ರಣದ ಐದನೆಯ ಒಂದು ಭಾಗದಷ್ಟಿದ್ದರೆ ಸಾಕು. ಒದ್ದೆ ಮಿಶ್ರಣವನ್ನು ಮುಷ್ಟಿಯಲ್ಲಿ ಹಿಡಿದು ಬಿಟ್ಟಾಗ ಉಂಡೆಯಾಗಿ ನಿಂತು, ಬೆರಳು ತಾಕಿದೊಡನೆ ಉದುರಿದರೆ ಹದ ಸರಿಯಾಗಿದೆ ಎಂದರ್ಥ.

ಪ್ರಮಾಣಬದ್ಧ ಮಿಶ್ರಣಗಳಲ್ಲಿ 1930ರ ದಶಕದಲ್ಲಿ ಇಂಗ್ಲೆಂಡಿನ ಜಾನ್ ಇನ್ಸ್ ತೋಟಗಾರಿಕಾ ಸಂಸ್ಥೆ ರೂಪಿಸಿದ ಮಿಶ್ರಣ ಪ್ರಸಿದ್ಧವಾದುದು. ಅದರಲ್ಲಿ 7 ಭಾಗ ಗೋಡುಮಣ್ಣು, 3 ಭಾಗ ಪೀಟ್, 2 ಭಾಗ ಮರಳು ಇರುತ್ತವೆ. ಭಾರತದಲ್ಲಿ ಪೀಟ್‌ನ ಸ್ಥಾನವನ್ನು ತೆಂಗಿನ ನಾರಿನ ಪುಡಿ ತುಂಬಿದೆ.

ಎಚ್ಚರಿಕೆಗಳು

ಪೂರ್ತಿ ಕೊಳೆಯದ ಸಗಣಿ ಗೊಬ್ಬರ ಎಳೆಯ ಬೇರುಗಳನ್ನು ಸುಡಬಹುದು ಮತ್ತು ಗೊಣ್ಣೆಹುಳುಗಳನ್ನು ತರಬಹುದು. ಅತಿಯಾದ ಗೊಬ್ಬರ ಹಾಗೂ ಗಡಸು ಕೊಳವೆಬಾವಿ ನೀರಿನಿಂದ ಮಣ್ಣಿನ ಮೇಲೆ ಬಿಳಿ ಲವಣದ ಪೊರೆ ಕಟ್ಟುತ್ತದೆ. ಆಗ ಗೊಬ್ಬರ ನಿಲ್ಲಿಸಿ, ತಳದಿಂದ ಹರಿದುಹೋಗುವಷ್ಟು ಮಳೆನೀರು ಅಥವಾ ಸಿಹಿನೀರು ಹಾಯಿಸಬೇಕು.