ಯೌವನದ ರೋಗವೆಂಬ ಹಣೆಪಟ್ಟಿ



ರೋಗಕ್ಕೆ ಇಟ್ಟ ಹೆಸರೇ ಕೆಲವೊಮ್ಮೆ ರೋಗಿಗೆ ಅಡ್ಡಿಯಾಗುತ್ತದೆ. ಸ್ಕಿಜೋಫ್ರೀನಿಯಾ ಅಥವಾ ಚಿತ್ತವಿಕಲತೆ ಎಂಬ ಮಾನಸಿಕ ಕಾಯಿಲೆಯ ಇತಿಹಾಸವೇ ಇದಕ್ಕೆ ಸಾಕ್ಷಿ. ಯಾರೂ ಇಲ್ಲದಿದ್ದರೂ ಮಾತು ಕೇಳಿಸುವುದು, ಆಧಾರವಿಲ್ಲದ ಸಂಶಯ, ಮಾತಿಗೆ ಮಾತು ಕೂಡದಿರುವುದು, ಎಲ್ಲರಿಂದ ದೂರವಾಗಿ ಮಂಕಾಗಿ ಕೂರುವುದು ಇದರ ಮುಖ್ಯ ಲಕ್ಷಣಗಳು.

ಜರ್ಮನಿಯ ವೈದ್ಯ ಎಮಿಲ್ ಕ್ರೆಪೆಲಿನ್ 1890ರ ದಶಕದಲ್ಲಿ ಈ ಕಾಯಿಲೆಯನ್ನು ಪ್ರತ್ಯೇಕವಾಗಿ ಗುರುತಿಸಿದರು. ಬಹಳಷ್ಟು ರೋಗಿಗಳು ಎಳೆಯ ವಯಸ್ಸಿನವರಾಗಿದ್ದುದರಿಂದ ಅವರು ಬಳಸಿದ ಹೆಸರು 'ಡಿಮೆನ್ಷಿಯಾ ಪ್ರೀಕಾಕ್ಸ್'. ಅಂದರೆ ಅಕಾಲದಲ್ಲಿಯೇ ಬುದ್ಧಿ ಕುಂದಿಸುವ ರೋಗ. ಈ ರೋಗ ಯಾವಾಗಲೂ ಯೌವನದಲ್ಲೇ ಆರಂಭವಾಗುವುದಿಲ್ಲ, ಎಲ್ಲರ ಬುದ್ಧಿಯನ್ನೂ ನಾಶ ಮಾಡುವುದಿಲ್ಲ ಎಂದು ಕಂಡುಕೊಂಡ ಸ್ವಿಟ್ಜರ್ಲೆಂಡಿನ ಯೂಜೆನ್ ಬ್ಲಾಯ್ಲರ್ 1908ರಲ್ಲಿ 'ಸ್ಕಿಜೋಫ್ರೀನಿಯಾ' ಎಂಬ ಹೆಸರನ್ನು ಮುಂದಿಟ್ಟರು. ಅವರ ಮಗ ಮ್ಯಾನ್‌ಫ್ರೆಡ್ ಬ್ಲಾಯ್ಲರ್ 1943ರಲ್ಲಿ, 40 ದಾಟಿದ ಮೇಲೆ ರೋಗ ಆರಂಭವಾದವರ ಬಗ್ಗೆಯೇ ಅಧ್ಯಯನ ಪ್ರಕಟಿಸಿದರು.

ಹೆಸರು ಬದಲಾಯಿತು, ಆದರೆ ಹಳೆಯ ಭಾವನೆ ಹೋಗಲಿಲ್ಲ. 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ಹೊರತಂದ ಕೈಪಿಡಿ, ಲಕ್ಷಣಗಳು 45 ವರ್ಷಕ್ಕೆ ಮೊದಲು ಆರಂಭವಾಗಿರಲೇಬೇಕೆಂದು ನಿಯಮ ಮಾಡಿತು. ಅದರಂತೆ, 46ನೇ ವಯಸ್ಸಿನಲ್ಲಿ ಕಾಯಿಲೆ ಬಿದ್ದ ತಾಯಿಗೆ ಈ ರೋಗವೆಂದು ಹೇಳುವಂತೆಯೇ ಇರಲಿಲ್ಲ! 1987ರಲ್ಲಿ ಈ ಮಿತಿಯನ್ನು ಕೈಬಿಡಲಾಯಿತು.

ಅದೇ ಕಾಲದಲ್ಲಿ ಜರ್ಮನಿಯ ಮ್ಯಾನ್‌ಹೈಮ್‌ನಲ್ಲಿ ಹೈನ್ಸ್ ಹೆಫ್ನರ್ ಮತ್ತು ಸಂಗಡಿಗರು, ಮೊದಲ ಬಾರಿ ಆಸ್ಪತ್ರೆಗೆ ಬಂದ ರೋಗಿಗಳನ್ನು ಪರಿಶೀಲಿಸಿದರು. ಗಂಡಸರಲ್ಲಿ ರೋಗ ಹೆಚ್ಚಾಗಿ ಇಪ್ಪತ್ತರ ಆಸುಪಾಸಿನಲ್ಲಿ ಕಾಣಿಸಿಕೊಂಡರೆ, ಹೆಂಗಸರಲ್ಲಿ ಸರಾಸರಿ ಮೂರು ನಾಲ್ಕು ವರ್ಷ ತಡವಾಗಿ ಆರಂಭವಾಗುತ್ತಿತ್ತು. ಅಷ್ಟೇ ಅಲ್ಲ, ಮುಟ್ಟು ನಿಲ್ಲುವ 45ರಿಂದ 50ರ ವಯಸ್ಸಿನಲ್ಲಿ ಹೆಂಗಸರ ಸಂಖ್ಯೆ ಮತ್ತೊಮ್ಮೆ ಏರುತ್ತಿತ್ತು. ಈಸ್ಟ್ರೋಜೆನ್ ಎಂಬ ಸ್ತ್ರೀ ಹಾರ್ಮೋನು ಮೆದುಳಿಗೆ ಒಂದಿಷ್ಟು ರಕ್ಷಣೆ ನೀಡುತ್ತದೆ, ಅದು ಕಡಿಮೆಯಾದಾಗ ಆ ರಕ್ಷಣೆಯೂ ಕುಗ್ಗುತ್ತದೆ ಎಂಬುದು ಅವರ ವಿವರಣೆ.

ಆದರೆ ಈ ಲೆಕ್ಕ ಎಲ್ಲೆಡೆ ಒಂದೇ ಅಲ್ಲ. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಗಂಡು ಹೆಣ್ಣಿನ ನಡುವೆ ಅಂತಹ ಅಂತರ ಕಂಡುಬರಲಿಲ್ಲ. ಆದ್ದರಿಂದ ಹಾರ್ಮೋನು ಒಂದೇ ಕಾರಣವೆಂದು ತೀರ್ಮಾನಿಸಲಾಗದು. 2000ದಲ್ಲಿ ಹಲವು ದೇಶಗಳ ತಜ್ಞರು ಸೇರಿ, 40ರ ನಂತರ ಬರುವುದನ್ನು ತಡವಾಗಿ ಆರಂಭವಾಗುವ ಸ್ಕಿಜೋಫ್ರೀನಿಯಾ ಎಂದು ಒಪ್ಪಿಕೊಂಡರು.

ಈ ಇತಿಹಾಸದಿಂದ ನಾವು ಕಲಿಯಬೇಕಾದುದೇನು? ಹದಿನೆಂಟರ ಹುಡುಗ ಓದು ಬಿಟ್ಟು ಕೋಣೆ ಸೇರಿದರೆ 'ಸೋಮಾರಿ' ಎನ್ನುತ್ತೇವೆ. ಐವತ್ತರ ತಾಯಿ ನೆರೆಯವರನ್ನು ಸಂಶಯಿಸಿದರೆ 'ವಯಸ್ಸಾಯಿತು' ಎಂದು ಸುಮ್ಮನಾಗುತ್ತೇವೆ, ಇಲ್ಲವೇ ಗಾಳಿ ಸೋಕಿದೆಯೆಂದು ತಾಯತ ಕಟ್ಟಿಸುತ್ತೇವೆ. ಮ್ಯಾನ್‌ಹೈಮ್‌ನ ರೋಗಿಗಳಲ್ಲಿ ಮೊದಲ ಸೂಚನೆಗಳು ಆಸ್ಪತ್ರೆ ಸೇರುವ ಎಷ್ಟೋ ವರ್ಷಗಳ ಹಿಂದೆಯೇ ಕಾಣಿಸಿದ್ದವು ಎಂಬುದನ್ನು ಮರೆಯದಿರೋಣ. ಚಿಕಿತ್ಸೆ ಬೇಗ ದೊರೆತಷ್ಟೂ ಗುಣ ಕಾಣುವ ಸಾಧ್ಯತೆ ಹೆಚ್ಚು. ಸರ್ಕಾರದ 'ಟೆಲಿ ಮಾನಸ್' ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು.

ತಮ್ಮ ಮನೆಯಲ್ಲಿ ಅಥವಾ ನೆರೆಹೊರೆಯಲ್ಲಿ ಇಂತಹ ಲಕ್ಷಣ ಕಂಡರೆ ವಯಸ್ಸು ಕೇಳಬೇಡಿ, ಗಂಡೋ ಹೆಣ್ಣೋ ಎಂದು ನೋಡಬೇಡಿ. ಮೊದಲು ವೈದ್ಯರ ಬಳಿಗೆ ಕರೆದೊಯ್ಯಿರಿ.