ಆಡ್-ಆನ್ ಕೆಲಸ ನಿಲ್ಲಿಸಿದರೆ ಬ್ರೌಸರ್‌ನ ಹಳೇ ವರ್ಷನ್ ಹಾಕಿಕೊಳ್ಳಬೇಕೆ?

"ಅಪ್‌ಡೇಟ್ ಆದ ಮೇಲೆ ಬ್ರೌಸರ್‌ನಲ್ಲಿ ಕನ್ನಡ ಟೈಪಿಂಗ್, ಜಾಹೀರಾತು ತಡೆ ಯಾವುದೂ ಕೆಲಸ ಮಾಡ್ತಿಲ್ವಾ? ಅಪ್‌ಡೇಟ್ ತೆಗೆದುಹಾಕಿ, ಈ ಲಿಂಕ್‌ನಿಂದ ಹಳೇ ವರ್ಷನ್ ಹಾಕಿಕೊಳ್ಳಿ. ಎಲ್ಲ ಗ್ರೂಪ್‌ಗೂ ಕಳಿಸಿ."

ಈ ಧಾಟಿಯ ಸಂದೇಶ ನಮ್ಮ ವಾಟ್ಸಾಪ್‌ಗೂ ಬಂತು. ದಾವಣಗೆರೆಯ ಶಾಮನೂರಿನಲ್ಲಿ ಆನ್‌ಲೈನ್ ಅರ್ಜಿ ತುಂಬಿಕೊಡುವ ಅಂಗಡಿಯೊಂದರಲ್ಲಿ ಈ ಸಲಹೆಯನ್ನು ಪಾಲಿಸಿದ್ದನ್ನೂ ನಾವು ಕಂಡೆವು. ದಿನವಿಡೀ ಹತ್ತಾರು ಜನರ ಆಧಾರ್, ಬ್ಯಾಂಕ್ ಖಾತೆ, ಓಟಿಪಿ ಹಾದುಹೋಗುವ ಕಂಪ್ಯೂಟರ್ ಅದು. ಹಾಗಾದರೆ ಈ ಸಲಹೆ ಎಷ್ಟು ಸರಿ?

ಒಂದೇ ಮಾತಿನಲ್ಲಿ ಹೇಳುವುದಾದರೆ, ಹೆಚ್ಚಿನ ಸಂದರ್ಭಗಳಲ್ಲಿ ತಪ್ಪು. ಕೆಲವೊಮ್ಮೆ ಹಳೇ ವರ್ಷನ್ನೇ ಸಮಸ್ಯೆಗೆ ಕಾರಣವಾಗಿರುತ್ತದೆ.

ಆಡ್-ಆನ್ ಯಾಕೆ ನಿಲ್ಲುತ್ತದೆ?

ಆಡ್-ಆನ್ ಅಥವಾ ಎಕ್ಸ್‌ಟೆನ್ಷನ್ ಎಂದರೆ ಬ್ರೌಸರ್‌ಗೆ ಹೆಚ್ಚುವರಿಯಾಗಿ ಜೋಡಿಸಿಕೊಳ್ಳುವ ಪುಟ್ಟ ತಂತ್ರಾಂಶ. ಅದು ನಿಲ್ಲಲು ಮುಖ್ಯವಾಗಿ ಮೂರು ಕಾರಣಗಳಿವೆ.

ಮೊದಲನೆಯದು, ಬ್ರೌಸರ್‌ನ ತಂತ್ರಜ್ಞಾನವೇ ಬದಲಾಗುವುದು. 2017ರ ನವೆಂಬರ್ 14ರಂದು ಬಂದ ಫೈರ್‌ಫಾಕ್ಸ್ 57, ಹಳೇ ಮಾದರಿಯ ಆಡ್-ಆನ್‌ಗಳನ್ನು ಒಟ್ಟಿಗೇ ಕೈಬಿಟ್ಟಿತು. ಗೂಗಲ್ ಕ್ರೋಮ್ ಕೂಡ 'ಮ್ಯಾನಿಫೆಸ್ಟ್ ವಿ2' ಮಾದರಿಯ ಎಕ್ಸ್‌ಟೆನ್ಷನ್‌ಗಳನ್ನು 2024ರಿಂದ ಹಂತಹಂತವಾಗಿ ನಿಲ್ಲಿಸಿತು. ಜಾಹೀರಾತು ತಡೆಯುವ ಜನಪ್ರಿಯ ಯುಬ್ಲಾಕ್ ಆರಿಜಿನ್ ಕ್ರೋಮ್‌ನಲ್ಲಿ ನಿಂತಿದ್ದು ಇದೇ ಕಾರಣಕ್ಕೆ.

ಎರಡನೆಯದು, ಪ್ರಮಾಣಪತ್ರದ ಅವಧಿ ಮುಗಿಯುವುದು. ಆಡ್-ಆನ್ ಅಸಲಿಯೇ ಎಂದು ಫೈರ್‌ಫಾಕ್ಸ್ ಡಿಜಿಟಲ್ ಸಹಿ ನೋಡಿ ಖಚಿತಪಡಿಸಿಕೊಳ್ಳುತ್ತದೆ. ಆ ಸಹಿಯ ಹಿಂದಿರುವ ಪ್ರಮಾಣಪತ್ರಗಳಿಗೂ ಕೊನೆಯ ದಿನಾಂಕ ಇರುತ್ತದೆ. 2019ರ ಮೇ ತಿಂಗಳ ಮೊದಲ ವಾರದಲ್ಲಿ ಅಂಥದ್ದೊಂದು ಪ್ರಮಾಣಪತ್ರದ ಅವಧಿ ಮುಗಿದು, ಜಗತ್ತಿನಾದ್ಯಂತ ಫೈರ್‌ಫಾಕ್ಸ್ ಆಡ್-ಆನ್‌ಗಳು ಏಕಾಏಕಿ ನಿಂತವು. ಸರಿಪಡಿಸಿದ್ದು ಹಳೇ ವರ್ಷನ್ ಅಲ್ಲ. ಮೇ 5ರಂದು ಬಂದ ಹೊಸ 66.0.4 ವರ್ಷನ್.

ಮೂರನೆಯದು, ಆಡ್-ಆನ್ ಮಾಡಿದವರೇ ಅದನ್ನು ನಿರ್ವಹಿಸುವುದು ಬಿಟ್ಟಿರಬಹುದು, ಇಲ್ಲವೇ ಅದು ಅಪಾಯಕಾರಿ ಎಂದು ಬ್ರೌಸರ್ ಕಂಪನಿಯೇ ತಡೆದಿರಬಹುದು.

ಹಿಂದಕ್ಕೆ ಹೋದರೆ ಸರಿಹೋಗುತ್ತದೆಯೇ?

ಮೊದಲ ಕಾರಣಕ್ಕೆ ಮಾತ್ರ, ಅದೂ ತಾತ್ಕಾಲಿಕವಾಗಿ. 2017ರಲ್ಲಿ ಹಳೇ ಆಡ್-ಆನ್ ಬೇಕೇ ಬೇಕು ಎಂದವರಿಗೆ ಮೊಝಿಲ್ಲಾ ಸಂಸ್ಥೆಯದೇ ಅಧಿಕೃತ ದಾರಿಯೊಂದಿತ್ತು: ಫೈರ್‌ಫಾಕ್ಸ್ 52 ಇಎಸ್‌ಆರ್. ಇಎಸ್‌ಆರ್ ಎಂದರೆ ದೀರ್ಘಾವಧಿ ಬೆಂಬಲ ಸಿಗುವ ವರ್ಷನ್. ಹೊಸ ಸೌಲಭ್ಯ ಬರದಿದ್ದರೂ ಭದ್ರತಾ ತಿದ್ದುಪಡಿ ಬರುತ್ತಲೇ ಇರುತ್ತದೆ. ಆ ಬೆಂಬಲವೂ 2018ರ ಸೆಪ್ಟೆಂಬರ್‌ಗೆ ಮುಗಿಯಿತು.

ಎರಡನೇ ಕಾರಣಕ್ಕೆ ಹಿಂದಕ್ಕೆ ಹೋಗಿ ಪ್ರಯೋಜನವಿಲ್ಲ. ಬಸ್ ಪಾಸ್‌ನ ಅವಧಿ ಮುಗಿದಿದ್ದರೆ ದಾವಣಗೆರೆಯಿಂದ ಹರಿಹರಕ್ಕೆ ಹೊಸ ಬಸ್ ಹತ್ತಿದರೂ ಒಂದೇ, ಹಳೇ ಬಸ್ ಹತ್ತಿದರೂ ಒಂದೇ. ಪಾಸ್ ಹೊಸದು ಮಾಡಿಸಬೇಕು. 2025ರ ಮಾರ್ಚ್ 14ರಂದು ಮೊಝಿಲ್ಲಾದ ಮತ್ತೊಂದು ಮೂಲ ಪ್ರಮಾಣಪತ್ರದ ಅವಧಿ ಮುಗಿಯಿತು. ಆಗ ತೊಂದರೆ ಎದುರಾಗಿದ್ದು ಫೈರ್‌ಫಾಕ್ಸ್ 128ಕ್ಕಿಂತ (ಇಎಸ್‌ಆರ್ ಆದರೆ 115.13ಕ್ಕಿಂತ) ಹಳೆಯ ವರ್ಷನ್ ಉಳಿಸಿಕೊಂಡವರಿಗೆ. ಅಂದರೆ ಫಾರ್ವರ್ಡ್ ನಂಬಿ ಹಿಂದಕ್ಕೆ ಹೋದವರ ಆಡ್-ಆನ್‌ಗಳೇ ನಿಲ್ಲುತ್ತವೆ!

ಮೂರನೇ ಕಾರಣವಾಗಿದ್ದರೆ, ಬೇಡವೆಂದು ಹೊರಗಿಟ್ಟದ್ದನ್ನು ನಾವೇ ಒಳಗೆ ಕರೆದಂತೆ.

ಅಪಾಯ ಎಲ್ಲಿದೆ?

2023ರ ಸೆಪ್ಟೆಂಬರ್‌ನಲ್ಲಿ 'ವೆಬ್‌ಪಿ' ಎಂಬ ಚಿತ್ರ ಮಾದರಿಯನ್ನು ತೆರೆಯುವ ತಂತ್ರಾಂಶದಲ್ಲಿ ಗಂಭೀರ ದೋಷ ಸಿಕ್ಕಿತು. ವಿಶೇಷವಾಗಿ ರೂಪಿಸಿದ ಒಂದು ಚಿತ್ರ ಪರದೆಯ ಮೇಲೆ ತೆರೆದುಕೊಂಡರೆ ಸಾಕು, ದಾಳಿಗೆ ದಾರಿಯಾಗುತ್ತಿತ್ತು. ಕ್ರೋಮ್, ಫೈರ್‌ಫಾಕ್ಸ್ ಎರಡೂ ಕೂಡಲೇ ತಿದ್ದುಪಡಿ ಬಿಟ್ಟವು. ಅದಕ್ಕಿಂತ ಹಿಂದಿನ ವರ್ಷನ್‌ಗೆ ಮರಳುವುದೆಂದರೆ, ಮುಚ್ಚಿದ ಆ ಕಿಂಡಿಯನ್ನು ಮತ್ತೆ ತೆರೆಯುವುದು. ದೋಷದ ವಿವರ ಅಷ್ಟರಲ್ಲಿ ಎಲ್ಲರಿಗೂ ಗೊತ್ತಾಗಿರುವುದರಿಂದ ಅಪಾಯ ಇನ್ನೂ ಹೆಚ್ಚು. ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆ ಬ್ರೌಸರ್ ಅಪ್‌ಡೇಟ್ ಮಾಡಿಕೊಳ್ಳಿ ಎಂದು ಪದೇ ಪದೇ ಎಚ್ಚರಿಸುವುದು ಇದಕ್ಕೇ.

ಇನ್ನೊಂದು ತೊಡಕೂ ಇದೆ. ಹೊಸ ಫೈರ್‌ಫಾಕ್ಸ್ ಬಳಸಿದ ಪ್ರೊಫೈಲನ್ನು ಹಳೆಯದರಲ್ಲಿ ತೆರೆಯಲು ಹೋದರೆ, 2019ರ 67ನೇ ವರ್ಷನ್‌ನಿಂದ ಈಚೆಗೆ ಅದು ತಡೆದು, ಹೊಸ ಪ್ರೊಫೈಲ್ ಮಾಡಿಕೊಳ್ಳಲು ಹೇಳುತ್ತದೆ. ಅದರಲ್ಲಿ ನಿಮ್ಮ ಬುಕ್‌ಮಾರ್ಕ್, ಪಾಸ್‌ವರ್ಡ್ ಕಾಣುವುದಿಲ್ಲ. ಗಾಬರಿ ಬೇಡ, ಅವು ಹಳೇ ಪ್ರೊಫೈಲ್‌ನಲ್ಲೇ ಇರುತ್ತವೆ. ಹೊಸ ವರ್ಷನ್ ಹಾಕಿ ಆ ಪ್ರೊಫೈಲ್ ತೆರೆದರೆ ಸಿಗುತ್ತವೆ.

ಫೋನ್‌ನಲ್ಲಂತೂ ಈ ಸಲಹೆ ಬೇಡವೇ ಬೇಡ. ಆಂಡ್ರಾಯ್ಡ್ ಫೋನ್‌ನ ಕ್ರೋಮ್‌ನಲ್ಲಿ ಎಕ್ಸ್‌ಟೆನ್ಷನ್ ಸೌಲಭ್ಯವೇ ಇಲ್ಲ. ಹಾಗಿದ್ದ ಮೇಲೆ ಹಳೇ ಕ್ರೋಮ್ ಹಾಕಿ ಸಿಗುವುದೇನು? ಲಿಂಕ್‌ನಲ್ಲಿ ಬರುವ 'ಹಳೇ ವರ್ಷನ್' ಎಪಿಕೆ ಫೈಲ್ ಒಳಗೆ ಏನಿದೆ ಎಂದು ಹೇಳುವವರು ಯಾರೂ ಇಲ್ಲ.

ಹಾಗಾದರೆ ಏನು ಮಾಡಬೇಕು?

1. ಮೊದಲು ಕಂಪ್ಯೂಟರಿನ ದಿನಾಂಕ, ಸಮಯ ಸರಿ ಇದೆಯೇ ನೋಡಿ. ಅದು ತಪ್ಪಿದ್ದರೂ ಪ್ರಮಾಣಪತ್ರ ಪರೀಕ್ಷೆ ಕೈಕೊಡುತ್ತದೆ.

2. ಬ್ರೌಸರ್ ಮತ್ತು ಆಡ್-ಆನ್ ಎರಡನ್ನೂ ಅಪ್‌ಡೇಟ್ ಮಾಡಿ, ಬ್ರೌಸರ್ ಮುಚ್ಚಿ ಮತ್ತೆ ತೆರೆಯಿರಿ.

3. ಬದಲಿ ಹುಡುಕಿ. ಕ್ರೋಮ್‌ನಲ್ಲಿ ಯುಬ್ಲಾಕ್ ಆರಿಜಿನ್ ಲೈಟ್ ಇದೆ. ಕನ್ನಡ ಟೈಪಿಂಗ್‌ಗೆ ಆಡ್-ಆನ್ ಬೇಕಾಗಿಯೇ ಇಲ್ಲ: ವಿಂಡೋಸ್ 10ರಲ್ಲಿ 2019ರ ಮೇ ಅಪ್‌ಡೇಟ್‌ನಿಂದ ಕನ್ನಡ ಫೋನೆಟಿಕ್ ಕೀಬೋರ್ಡ್ ಜೊತೆಗೇ ಬರುತ್ತದೆ. ಸೆಟ್ಟಿಂಗ್ಸ್‌ನ ಭಾಷೆ ವಿಭಾಗದಲ್ಲಿ ಕನ್ನಡ ಸೇರಿಸಿಕೊಂಡರಾಯಿತು.

4. ಅಂಗಡಿಯ ಕಂಪ್ಯೂಟರ್ ಹಳೆಯದಾಗಿ ವಿಂಡೋಸ್ 7 ಅಥವಾ 8 ಇದ್ದರೆ, ಅದಕ್ಕೆ ಸಿಗುವ ಕೊನೆಯ ಕ್ರೋಮ್ 109. ಫೈರ್‌ಫಾಕ್ಸ್‌ನಲ್ಲಿ 115 ಇಎಸ್‌ಆರ್ ಕೊನೆಯದು. ಅದನ್ನೇ ಹಾಕಿ, ಬಂದ ತಿದ್ದುಪಡಿಗಳನ್ನೆಲ್ಲ ಹಾಕಿಕೊಳ್ಳಿ.

5. ಹಳೇ ವರ್ಷನ್ ಅನಿವಾರ್ಯವೇ? ಬ್ರೌಸರ್ ಕಂಪನಿಯ ಅಧಿಕೃತ ತಾಣದಿಂದ ಮಾತ್ರ ಇಳಿಸಿಕೊಳ್ಳಿ, ಪ್ರತ್ಯೇಕ ಪ್ರೊಫೈಲ್‌ನಲ್ಲಿ ಆ ಒಂದು ಕೆಲಸಕ್ಕಷ್ಟೇ ಬಳಸಿ. ಬ್ಯಾಂಕ್, ಆಧಾರ್, ಇಮೇಲ್ ಅದರಲ್ಲಿ ತೆರೆಯಬೇಡಿ.

ಅಪರಿಚಿತ ಲಿಂಕ್‌ನಿಂದ ಏನಾದರೂ ಹಾಕಿಕೊಂಡು ಹಣ ಕಳೆದುಕೊಂಡಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಇಲ್ಲವೇ ಹತ್ತಿರದ ಸಿಇಎನ್ ಪೊಲೀಸ್ ಠಾಣೆಗೆ ದೂರು ಕೊಡಿ.

ತೀರ್ಮಾನ

ಹಳೇ ವರ್ಷನ್‌ಗೆ ಮರಳಿದರೆ ಎಲ್ಲ ಆಡ್-ಆನ್ ಸರಿಹೋಗುತ್ತದೆ ಎಂಬುದು ತಪ್ಪು ಮಾಹಿತಿ. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವವರಿಲ್ಲ. ನಿಮ್ಮ ಕಂಪ್ಯೂಟರಿನಲ್ಲಿ ಬೇರೆಯವರ ಮಾಹಿತಿಯೂ ಇದ್ದರೆ, ಈ ತಪ್ಪಿನ ಬೆಲೆ ತೆರುವವರು ನೀವೊಬ್ಬರೇ ಅಲ್ಲ. ಶಾಮನೂರಿನ ಆ ಅಂಗಡಿಯವರಿಗೆ ನಾವು ಇಷ್ಟನ್ನೇ ಹೇಳಿದೆವು. ನಿಮ್ಮ ಗ್ರೂಪ್‌ಗೆ ಆ ಸಂದೇಶ ಬಂದಿದ್ದರೆ, ಅದರ ಕೆಳಗೆ ಇದನ್ನೂ ಹಂಚಿಕೊಳ್ಳಿ.