ಹಾರದೆ ಉಳಿದ ಗುಂಡು

ಪಿಸ್ತೂಲಿನ ಕಥೆ ಹೇಳುವವರು ಕೋಲ್ಟ್, ಲ್ಯೂಗರ್, ಬ್ರೌನಿಂಗ್ ಎಂದು ಅದನ್ನು ಮಾಡಿದವರ ಹೆಸರಿನಿಂದಲೇ ಶುರುಮಾಡುತ್ತಾರೆ. ಪಿಸ್ತೂಲು ಕೈಕೊಟ್ಟ ಕಥೆಗಳನ್ನು ಕೆದಕುತ್ತ ಹೋದರೆ ಮಾತ್ರ ಮತ್ತೆ ಮತ್ತೆ ಎದುರಾಗುವುದು ಕಾಡತೂಸು.

ಚಕಮಕಿ ಕಲ್ಲಿನ ಕಾಲದಲ್ಲಿ ಮಳೆ ಬಂದರೆ ಮದ್ದು ನೆನೆಯುತ್ತಿತ್ತು, ಈಡು ಹಾರುತ್ತಿರಲಿಲ್ಲ. ಮದ್ದು ಒಣಗಿದ್ದರೂ ಕಿಡಿ ಕಂಡ ಹಕ್ಕಿ ಗುಂಡು ತಲುಪುವ ಮೊದಲೇ ಹಾರಿಹೋಗುತ್ತಿತ್ತು. ಬೇಟೆಯ ಹುಚ್ಚಿದ್ದ ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸೈತ್ ಇದಕ್ಕೆ ಬೇಸತ್ತು, ಪೆಟ್ಟು ಬಿದ್ದೊಡನೆ ಸಿಡಿಯುವ ರಾಸಾಯನಿಕ ಬಳಸುವ ವಿಧಾನಕ್ಕೆ 1807ರಲ್ಲಿ ಪೇಟೆಂಟ್ ಪಡೆದ. ಅಂಥ ರಾಸಾಯನಿಕ ತುಂಬಿದ ಪುಟ್ಟ ಟೋಪಿ, ಅಂದರೆ ಕೇಪು, ಹುಟ್ಟಿದ್ದು ಈ ದಾರಿಯಲ್ಲಿ. 1836ರ ಕೋಲ್ಟ್ ರಿವಾಲ್ವರ್ ಕೇಪನ್ನೇ ನಂಬಿತ್ತು. ಆದರೆ ಗುಂಡು ತುಂಬುವ ಒಂದು ಕೋಣೆಯ ಬೆಂಕಿ ಪಕ್ಕದ ಕೋಣೆಗೂ ತಗುಲಿ ಹಲವು ಗುಂಡು ಒಟ್ಟಿಗೆ ಸಿಡಿಯುವ ಭಯವಿತ್ತು. ಅದಕ್ಕಾಗಿ ಗುಂಡಿನ ಮೇಲೆ ಕೊಬ್ಬು ಬಳಿಯುತ್ತಿದ್ದರು! 1857ರಲ್ಲಿ ಸ್ಮಿತ್ ಅಂಡ್ ವೆಸನ್ ಗುಂಡು, ಮದ್ದು, ಕೇಪಿನ ರಾಸಾಯನಿಕ ಮೂರನ್ನೂ ಒಂದೇ ಲೋಹದ ಕವಚದಲ್ಲಿಟ್ಟ ಕಾಡತೂಸಿನ ರಿವಾಲ್ವರ್ ತಂದಮೇಲೆ ಆ ಭಯ ಕಡಿಮೆಯಾಯಿತು.

ಹೊಸದೊಂದು ಭಯ ಅದರ ಬೆನ್ನಿಗೇ ಬಂತು. ಹ್ಯಾಮರ್ ಕಾಡತೂಸಿನ ತಲೆಯ ಮೇಲೇ ಕೂತಿರುವುದರಿಂದ ರಿವಾಲ್ವರ್ ಕೆಳಗೆ ಬಿದ್ದರೆ ಸಾಕು, ಗುಂಡು ಹಾರೀತು. ಬಲ್ಲವರು ಆರು ಕೋಣೆಯಲ್ಲಿ ಐದನ್ನಷ್ಟೇ ತುಂಬುತ್ತಿದ್ದರು. ಟ್ರಿಗರ್ ಒತ್ತಿದಾಗ ಮಾತ್ರ ಪೆಟ್ಟು ದಾಟಿಸುವ ಪಟ್ಟಿಯನ್ನು ಐವರ್ ಜಾನ್ಸನ್ ಕಂಪನಿ ಇಪ್ಪತ್ತನೇ ಶತಮಾನದ ಆರಂಭದಲ್ಲೇ ಜಾಹೀರಾತಿನಲ್ಲಿ ಸಾರಿತ್ತು. ರೂಗರ್ ಕಂಪನಿ ತನ್ನ ಕೌಬಾಯ್ ಮಾದರಿಗೆ ಅದನ್ನು ಅಳವಡಿಸಿದ್ದು 1973ರಲ್ಲಿ. ಇಷ್ಟು ತಡಕ್ಕೆ ಹಳೆಯ ವಿನ್ಯಾಸದ ವ್ಯಾಮೋಹವಲ್ಲದೆ ಬೇರೆ ಕಾರಣ ನನಗೆ ಕಾಣದು.

1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಲ್ ಹೊಗೆರಹಿತ ಮದ್ದು ತಯಾರಿಸಿದ. ಮಸಿ ಕಡಿಮೆಯಾದದ್ದರಿಂದ, ತನ್ನ ಗುಂಡಿನ ಬಲದಿಂದಲೇ ಮರುತುಂಬಿಕೊಳ್ಳುವ ಪಿಸ್ತೂಲು ಸಾಧ್ಯವಾಯಿತು. ಇಲ್ಲಿ ಕಾಡತೂಸಿನ ಶಕ್ತಿ ತುಸು ಕುಗ್ಗಿದರೂ ಖಾಲಿ ಕವಚ ಪೂರ್ತಿ ಹೊರಬೀಳದೆ ಹೊಗೆಕೊಳವೆಯಂತೆ ನೆಟ್ಟಗೆ ಸಿಕ್ಕಿಕೊಳ್ಳುತ್ತದೆ. ಕಣ್ಣಿಗೆ ಕಾಣುವ ಇಂಥ ತೊಡಕು ಅಷ್ಟೇನೂ ಅಪಾಯಕಾರಿಯಲ್ಲ.

ಅಪಾಯ ಇರುವುದು ‘ಸ್ಕ್ವಿಬ್’ನಲ್ಲಿ. ಕಾಡತೂಸಿನಲ್ಲಿ ಮದ್ದೇ ಇಲ್ಲದಿದ್ದರೆ ಅಥವಾ ಕಡಿಮೆ ಇದ್ದರೆ ಕೇಪಿನ ಬಲವಷ್ಟೇ ಗುಂಡನ್ನು ನಳಿಗೆಯ ನಡುವೆ ತಂದು ನಿಲ್ಲಿಸುತ್ತದೆ. ದೊಡ್ಡ ಸದ್ದಿಲ್ಲ, ಹಿಂದೊತ್ತೂ ಇಲ್ಲ, ಬರೀ ‘ಟಪ್’. ಅದನ್ನು ಗಮನಿಸದೆ ಮತ್ತೆ ಟ್ರಿಗರ್ ಒತ್ತಿದರೆ ಎರಡನೇ ಗುಂಡು ಮೊದಲನೆಯದಕ್ಕೆ ಬಡಿದು ನಳಿಗೆ ಉಬ್ಬುತ್ತದೆ, ಇಲ್ಲವೇ ಕೈಯಲ್ಲೇ ಸಿಡಿಯುತ್ತದೆ. ತಾನೇ ಮರುತುಂಬಿಕೊಳ್ಳುವ ಪಿಸ್ತೂಲಿನಲ್ಲಿ ದುರ್ಬಲ ಗುಂಡು ಸಾಮಾನ್ಯವಾಗಿ ಯಂತ್ರವನ್ನು ತಿರುಗಿಸಲಾರದೆ ಅಲ್ಲಿಗೇ ನಿಲ್ಲಿಸಿಬಿಡುತ್ತದೆ. ‘ಎಂದೂ ಕೈಕೊಡದ್ದು’ ಎಂದು ಹೊಗಳಿಸಿಕೊಂಡ ರಿವಾಲ್ವರ್‌ನಲ್ಲಿ ಆ ತಡೆಯೂ ಇಲ್ಲ. ಟ್ರಿಗರ್ ಒತ್ತಿದರೆ ಮುಂದಿನ ಕಾಡತೂಸು ತಾನೇ ಬಂದು ನಿಲ್ಲುತ್ತದೆ.

ಗುಂಡಿನ ಬಗೆಗಳ ವಿಚಾರದಲ್ಲಿ ಕಲ್ಕತ್ತಾ ಬಳಿಯ ಡಮ್ ಡಮ್ ಕಾರ್ಖಾನೆಯ ಹೆಸರು ಕುಖ್ಯಾತ. ಅಲ್ಲಿ ತಯಾರಾದಂಥ, ಮೈಯೊಳಗೆ ಅರಳುವ ಗುಂಡನ್ನು ಯುದ್ಧದಲ್ಲಿ ಬಳಸಕೂಡದೆಂದು 1899ರ ಹೇಗ್ ಘೋಷಣೆ ಹೇಳಿತು. ಹಾಗಿದ್ದೂ ಅಮೆರಿಕದ ಪೊಲೀಸರು ಹಾಗೆಯೇ ಅರಳುವ ಟೊಳ್ಳುಮೂತಿಯ ಗುಂಡನ್ನೇ ಆಯ್ದುಕೊಂಡರು. ಅದು ದೇಹವನ್ನು ತೂರಿ ಹಿಂದಿದ್ದವರಿಗೆ ತಗಲುವ ಸಂಭವ ಕಡಿಮೆ ಎಂಬುದು ಅವರ ವಾದ. ದುಂಡುಮೂತಿಯ ಗುಂಡಿಗೆಂದು ಮಾಡಿದ್ದ ಹಳೆಯ ಪಿಸ್ತೂಲುಗಳಲ್ಲಿ ಈ ಟೊಳ್ಳುಮೂತಿ ಒಳಹೋಗುವಾಗ ಸಿಕ್ಕಿಕೊಂಡು ಪೇಚಿಗೀಡುಮಾಡಿದ್ದೂ ಉಂಟು. ಹೆಚ್ಚು ಒತ್ತಡದ ‘ಪ್ಲಸ್ ಪಿ’ ಕಾಡತೂಸನ್ನಂತೂ ಹಳೆಯ ಬಂದೂಕಿಗೆ ತುಂಬಲೇಬಾರದು.

ಕೇಪಿನ ರಸಾಯನವೂ ಬದಲಾಯಿತು. ಹಳೆಯ ಕ್ಲೋರೇಟ್ ಉಳಿಸುತ್ತಿದ್ದ ಉಪ್ಪು ತೇವ ಹೀರಿ ನಳಿಗೆಗೆ ತುಕ್ಕು ತರುತ್ತಿತ್ತು. ಅದರ ಜಾಗಕ್ಕೆ ಬಂದ ಸೀಸದ ಸಂಯುಕ್ತ ತುಕ್ಕು ತಪ್ಪಿಸಿತು, ಒಳಾಂಗಣದಲ್ಲಿ ಅಭ್ಯಾಸ ಮಾಡುವವರ ಉಸಿರಿಗೆ ಸೀಸ ಸೇರಿಸಿತು. ಈಗ ಸೀಸವಿಲ್ಲದ ಕೇಪುಗಳೂ ಸಿಗುತ್ತವೆ.

ಪರವಾನಗಿ ಬಂದೂಕು ಇಟ್ಟುಕೊಂಡವರಿಗೆ ಒಂದು ಮಾತು: ಕಿಲುಬು ಹಿಡಿದ, ತಗ್ಗುಬಿದ್ದ ಕಾಡತೂಸನ್ನು ‘ಹಾರುತ್ತದೋ ನೋಡೋಣ’ ಎಂದು ತುಂಬಬೇಡಿ. ಟ್ರಿಗರ್ ಒತ್ತಿಯೂ ಹಾರದಿದ್ದರೆ ನಳಿಗೆಯನ್ನು ಸುರಕ್ಷಿತ ದಿಕ್ಕಿಗೇ ಹಿಡಿದು ಕನಿಷ್ಠ ಅರ್ಧ ನಿಮಿಷ ಕಾಯಿರಿ; ತಡವಾಗಿ ಸಿಡಿಯುವ ಕಾಡತೂಸೂ ಇರುತ್ತದೆ. ಸದ್ದು ಕ್ಷೀಣವೆನಿಸಿದರೆ ಗುಂಡುಗಳನ್ನೆಲ್ಲ ಹೊರತೆಗೆದು, ನಳಿಗೆ ಖಾಲಿಯಿದೆಯೆಂದು ಖಚಿತವಾಗುವ ತನಕ ಮತ್ತೆ ಟ್ರಿಗರ್ ಮುಟ್ಟಬೇಡಿ.